ರಾಣಿಯ ಹಣೆಯ ಕುಂಕುಮ

ಮದುವೆಮನೆಯ ಬಾಗಿಲಲ್ಲಿ ಗುಲಾಬದಾನಿಯಿಂದ ಪನ್ನೀರು ಚಿಮುಕಿಸಿದರೆ ಎಲ್ಲರ ಮುಖ ಅರಳುತ್ತದೆ, ನನಗೆ ಮಾತ್ರ ಸಿಟ್ಟು ನೆತ್ತಿಗೇರುತ್ತದೆ. ಆ ವಾಸನೆ ನನ್ನನ್ನು ಹಳಿಯಾಳದ ನಮ್ಮ ಪಡಸಾಲೆಗೆ ಎಳೆದೊಯ್ಯುತ್ತದೆ. ಬ್ರಿಟಿಷರು ಇನ್ನೂ ಇದ್ದ ಕಾಲ. ವಕೀಲರಾಗಿದ್ದ ನಮ್ಮ ದೊಡ್ಡಪ್ಪ ಅಲ್ಲಿ ಒಂದು ಇತಿಹಾಸ ಮಂಡಳಿ ನಡೆಸುತ್ತಿದ್ದರು. ಇತಿಹಾಸ, ಶಿಕ್ಷಣ, ದೇಶಭಕ್ತಿ ಅದರ ಧ್ಯೇಯವಂತೆ. ನಾನು ಕಂಡದ್ದು ಹಚ್ಚಿದ ಅವಲಕ್ಕಿ, ಚಹಾ, ಮತ್ತು ಒಬ್ಬರನ್ನೊಬ್ಬರು ಹೊಗಳಿಕೊಳ್ಳುವ ದೊಡ್ಡ ಹೊಟ್ಟೆಯ ಗಂಡಸರು.

ಆ ಅವಲಕ್ಕಿ ಹಚ್ಚುತ್ತಿದ್ದವಳು ಅಂಬಕ್ಕತ್ತಿ, ಅಪ್ಪನ ತಂಗಿ. ಮದುವೆಯಾದ ಹೊಸತರಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬೋಳಿಸಿದ ತಲೆ, ಅದರ ಮೇಲೆ ಕೆಂಪು ಸೀರೆಯ ಸೆರಗು. ಖರೆ ಹೇಳಬೇಕೆಂದರೆ ಮಂಡಳಿಯ ಸ್ವಯಂಸೇವಕಿ ಆಕೆಯೊಬ್ಬಳೇ. ಸದಸ್ಯರ ಖಾದಿ ಟೊಪ್ಪಿಗೆ ಒಗೆಯುವುದು, ಹೊಲದಲ್ಲಿ ಸಿಕ್ಕ ಹಳೆಯ ನಾಣ್ಯಗಳನ್ನು ಹುಣಸೆಹುಳಿ ಹಚ್ಚಿ ತಿಕ್ಕುವುದು, ಜಮಖಾನೆ ಹಾಸುವುದು, ಎಲ್ಲ ಆಕೆಯ ಪಾಲಿಗೆ. ಬದಲಿಗೆ ಆಕೆಗೆ ಬೇಕಾಗಿದ್ದದ್ದು ಒಂದೇ, ಅಕ್ಷರ. ವಾರ್ಷಿಕೋತ್ಸವದ ದಿನ ಮಂಡಳಿ ಹೆಂಗಸರಿಗಾಗಿ ಓದುಬರಹದ ವರ್ಗ ತೆರೆಯುತ್ತದೆ ಎಂದು ಕೇಳಿದ್ದೇ ತಡ, ನನ್ನ ಹಳೆಯ ಪಾಟಿ ಇಸಿದುಕೊಂಡು ಇದ್ದಿಲು ತಿಕ್ಕಿ ಹೊಸದರಂತೆ ಮಾಡಿಟ್ಟುಕೊಂಡಳು.

ಆ ದಿನ ಅಂಗಳದಲ್ಲಿ ನಾಟಕದ ಒಂದು ದೃಶ್ಯವೂ ಇತ್ತು. ಗಂಡ ಸತ್ತ ಮೇಲೆ ಕತ್ತಿ ಹಿಡಿದು ಬಿಳಿಯರನ್ನು ಎದುರಿಸಿದ ನಮ್ಮ ಸೀಮೆಯ ರಾಣಿ ನಾನು. ಕಚ್ಚೆ ಹಾಕಿ ಸೀರೆ ಉಡಿಸಿದವಳು ಅಂಬಕ್ಕತ್ತಿಯೇ. ಆದರೆ ದೊಡ್ಡಪ್ಪ ಬಂದು ನನ್ನ ಬರಿಯ ಹಣೆ ನೋಡಿ ಗಾಬರಿಯಾದರು. ರೂಪಾಯಿಯಗಲದ ಕುಂಕುಮ ಇಡಿಸಿದರು, ಕೈತುಂಬ ಹಸಿರು ಬಳೆ ತೊಡಿಸಿದರು.

"ಅಣ್ಣಾ, ಆ ರಾಣಿ ಗಂಡನ್ನ ಕಳಕೊಂಡಾಕಿ ಅಲ್ಲೇನು? ಕುಂಕುಮ ಯಾಕ?" ಎಂದಳು ಅತ್ತಿ.

"ಅದು ಇತಿಹಾಸ, ಅಂಬಾ. ಇದು ಮಂಗಳಕಾರ್ಯ. ನೀ ಒಳಗ ನಡಿ, ಧಾರವಾಡದ ಪಾವ್ಹಣ್ಯಾರು ಬರೂ ಹೊತ್ತಾತು. ಎದುರಿಗೆ ಬರಬ್ಯಾಡ."

"ಮತ್ತ ನನ್ನ ಪಾಠ?"

"ನಾಳೆ ನೋಡೂಣು."

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ವಿಧವೆ ರಾಣಿಯ ಶೌರ್ಯವನ್ನು ದೊಡ್ಡಪ್ಪ ಬಣ್ಣಿಸಿದ್ದೇ ಬಣ್ಣಿಸಿದ್ದು. ಬಾಗಿಲಲ್ಲಿ ಪನ್ನೀರು ಚಿಮುಕಿಸಿಕೊಂಡು ಪಡಸಾಲೆಗೆ ಬಂದಿದ್ದ ಧಾರವಾಡದ ಅತಿಥಿ ಕಣ್ಣೊರೆಸಿಕೊಂಡರು. ಸದಸ್ಯರ ಹೆಂಡಂದಿರು, ಮೊದಲೇ ಓದಲು ಬರುತ್ತಿದ್ದ ಮುತ್ತೈದೆಯರು, ಪಾಟಿ ಹಿಡಿದು ಫೋಟೋಕ್ಕೆ ಕುಳಿತರು. ಅಂಬಕ್ಕತ್ತಿ ಬಾಗಿಲ ಸಂದಿಯಿಂದ ಎಲ್ಲವನ್ನೂ ನೋಡಿದಳು. ಚಪ್ಪಾಳೆ ಮುಗಿದು ನಾನು ಒಳಗೆ ಓಡಿದಾಗ ಸೆರಗಿನ ತುದಿ ಒದ್ದೆ ಮಾಡಿ, ನನ್ನ ಹಣೆಯ ಕುಂಕುಮವನ್ನು ಮೆಲ್ಲಗೆ, ಪೂರ್ತಿ ಒರೆಸಿದಳು. "ಈಗ ಖರೇ ರಾಣಿ ಕಂಡಿ ನೋಡು, ನನ್ನವ್ವಾ" ಎಂದಳು. ರಾಣಿಯನ್ನು ತೋರಿಸಲು ಅತಿಥಿಯನ್ನು ಕರೆದುಕೊಂಡು ಅದೇ ಹೊತ್ತಿಗೆ ದೊಡ್ಡಪ್ಪ ಒಳಗೆ ಬಂದರು.

ಮರುದಿನವೇ ಆಕೆಯನ್ನು ಚಕ್ಕಡಿಯಲ್ಲಿ ಕೂಡಿಸಿ ಮುಂಡಗೋಡಕ್ಕೆ, ಎಂದೂ ವಿಚಾರಿಸದ ಮೈದುನನ ಮನೆಗೆ ಸಾಗಹಾಕಿದರು. ಹೆಂಗಸರ ವರ್ಗ ಮತ್ತೆ ಸೇರಲಿಲ್ಲ, ಫೋಟೋ ಮಾತ್ರ ಗೋಡೆಗೆ ಬಂತು. ಆ ಪಡಸಾಲೆ ಈಗಿಲ್ಲ. ಅದಕ್ಕಾಗಿ ನನಗೆ ಎಳ್ಳಷ್ಟೂ ಮರುಕವಿಲ್ಲ. ಮರುಕವೆಲ್ಲ ಆಕೆಗಾಗಿ. ನಿಮ್ಮ ಮನೆಯ ಹಿತ್ತಲಲ್ಲೂ ಇಂಥ ಒಬ್ಬಳು ಬಾಳಿ ಹೋಗಿದ್ದರೆ ನನ್ನ ಸಂಕಟ ನಿಮಗೆ ತಿಳಿದೀತು. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಆಕೆ ತೀರಿಕೊಂಡ ಸುದ್ದಿ ಬಂತು. ಅಂದು ದೊಡ್ಡಪ್ಪನ ಭಾಷಣವಿತ್ತು, ಸ್ತ್ರೀಶಿಕ್ಷಣದ ಮೇಲೆ. ತಲೆಗೆ ನೀರು ಹಾಕಿಕೊಂಡು, ಮಡಿ ಟೊಪ್ಪಿಗೆ ಇಟ್ಟುಕೊಂಡು ಹೊರಟರು. ಒಳಗಿನಿಂದ ಹೆಂಗಸರಾದ ನಮ್ಮ ಬಿಕ್ಕು ಕೇಳಿ ಹೊಸ್ತಿಲಲ್ಲೇ ನಿಂತರು.

"ನಾ ಹೊರಡೂ ಮುಂದ ಅಳಬ್ಯಾಡ್ರಿ," ಎಂದರು. "ಅಪಶಕುನ."

ನಾವು ಬಾಯಿಗೆ ಸೆರಗು ಒತ್ತಿಕೊಂಡೆವು. ಆಕೆಗಾಗಿ ಅಷ್ಟು ಅಳುವುದಕ್ಕೂ ಆಗಲಿಲ್ಲ.