ನಲವತ್ತೇಳನೆಯ ಸಂದೇಶ

ಸತ್ತವರು ಬಂದು ಮಾತಾಡುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ನಗುವುದಷ್ಟೇ ಅಲ್ಲ, ಹೇಳಿದವರ ಮುಖ ಸಣ್ಣಗಾಗುವ ಹಾಗೆ ಎರಡು ಮಾತೂ ಆಡುತ್ತಿದ್ದೆ. ಹೆಂಡತಿಯ ತವರಿನವರು ಅಮಾವಾಸ್ಯೆಗೆ ಬಾಗಿಲಿಗೆ ಕಟ್ಟಿದ್ದ ನಿಂಬೆಹಣ್ಣನ್ನು ಮರುದಿನ ಹಿಂಡಿ ಶರಬತ್ತು ಮಾಡಿಕೊಂಡು ಕುಡಿದವನು ನಾನು. ಹರೆಯದಲ್ಲಿ ನೌಕಾದಳದ ವೈರ್‌ಲೆಸ್ ಕೆಲಸದಲ್ಲಿದ್ದೆ. ಕೇಳಿಸಿದ್ದನ್ನು ಕೇಳಿಸಿತು ಎಂದು, ಕೇಳಿಸದ್ದನ್ನು ಇಲ್ಲ ಎಂದು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ನಮಗೆ ಕಲಿಸಿದ ಶಾಸ್ತ್ರ ಅದೊಂದೇ.

ಆ ಪುಸ್ತಕದಲ್ಲಿ ನಾನು ಒಂದು ಸುಳ್ಳು ಬರೆದೆ. ಅದನ್ನು ಮೊದಲು ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಓದುತ್ತ ನನ್ನನ್ನು ಬೈದುಕೊಂಡರೆ ನನ್ನ ತಕರಾರೇನೂ ಇಲ್ಲ.

ಯುದ್ಧ ಶುರುವಾದಾಗ ನನಗೆ ಇಪ್ಪತ್ತೊಂದು. ದಡದ ಮೇಲಿನ ಒಂದು ಕೇಂದ್ರದಲ್ಲಿದ್ದೆ. ಯಾವ ಹಡಗು ಎಲ್ಲಿಗೆ ಹೋಗಬೇಕು ಎಂದು ದೊಡ್ಡ ಅಧಿಕಾರಿಗಳು ನಕ್ಷೆಯ ಮುಂದೆ ನಿಂತು ತೀರ್ಮಾನಿಸುತ್ತಿದ್ದರು. ಗುಪ್ತಲಿಪಿಗೆ ಇಳಿಸಿದ ಆ ಹುಕುಮನ್ನು ನಾವು ಮೋರ್ಸ್‌ನಲ್ಲಿ ಬಡಿದು ಕಳಿಸುತ್ತಿದ್ದೆವು. ಸಮುದ್ರದ ಮೇಲಿದ್ದ ಹಡಗುಗಳು ಕೇಳಿಸಿಕೊಳ್ಳಬೇಕು, ಉತ್ತರ ಕೊಡುವಂತಿಲ್ಲ. ಕೊಟ್ಟರೆ ಅವು ಇರುವ ಜಾಗ ಶತ್ರುವಿಗೆ ಗೊತ್ತಾಗುತ್ತದೆ. ಮತ್ತೊಮ್ಮೆ ಹೇಳಿ ಎಂದು ಕೇಳುವುದಕ್ಕೂ ಅಪ್ಪಣೆ ಇರಲಿಲ್ಲ. ಅದಕ್ಕೇ ಪ್ರತಿ ಸಂದೇಶಕ್ಕೂ ಒಂದು ನಂಬರು ಹಾಕಿ, ಅರ್ಧ ಗಂಟೆ ಬಿಟ್ಟು ಎರಡು ಸಲ ಕಳಿಸುವ ಪದ್ಧತಿ. ಒಮ್ಮೆ ಗದ್ದಲದಲ್ಲಿ ತಪ್ಪಿದರೆ ಇನ್ನೊಮ್ಮೆ ಸಿಗಲಿ ಎಂದು.

ಒಂದು ಬೆಳಿಗ್ಗೆ ನಲವತ್ತೇಳನೆಯ ನಂಬರಿನ ಸಂದೇಶ ಬಂತು. ಮೂರು ಹಡಗುಗಳು ಕೂಡಲೇ ಹಿಂದಿರುಗಬೇಕು ಎಂದು. ಒಂದು ಸಲ ಕಳಿಸಿದೆ. ಮೂರು ದಿನದಿಂದ ಸರಿಯಾಗಿ ಮಲಗಿರಲಿಲ್ಲ. ಮೇಜಿಗೆ ತಲೆ ಆನಿಸಿದೆ, ಕಣ್ಣು ಮುಚ್ಚಿತು. ಎಚ್ಚರಾದಾಗ ಎರಡನೆಯ ಸಲದ ಹೊತ್ತು ಮೀರಿತ್ತು. ಆಗಲಾದರೂ ಕಳಿಸಬಹುದಿತ್ತು. ತಡವೇಕೆ ಆಯಿತು ಎಂದು ಕೇಳುತ್ತಾರೆ ಎಂಬ ಹೆದರಿಕೆಗೆ ಕಳಿಸಲಿಲ್ಲ. ಪುಸ್ತಕದಲ್ಲಿ ಮಾತ್ರ ಸರಿಯಾದ ವೇಳೆ ಹಾಕಿ, ಎರಡನೆಯ ಸಲವೂ ಕಳಿಸಿದ್ದೇನೆ ಎಂದು ಬರೆದೆ. ಎರಡು ಹಡಗುಗಳು ತಿರುಗಿದವು. ಮೊದಲ ಸಲದ್ದು ಕೇಳಿಸದ ಮೂರನೆಯದು ಒಂಟಿಯಾಗಿ ಮುಂದೆ ಹೋಗಿ, ಗುಂಡಿನೇಟು ತಿಂದು, ಹೇಗೋ ಮರಳಿತು. ಅದರ ಅಡುಗೆಯವನೊಬ್ಬ ಕಾಲು ಕಳೆದುಕೊಂಡ.

ಆ ಹಡಗಿನಲ್ಲಿ ಸಂದೇಶ ಕೇಳುತ್ತ ಕುಳಿತಿದ್ದವನು ಶರಣಪ್ಪ. ಕಲಬುರಗಿ ಕಡೆಯವನು, ತರಬೇತಿಯಲ್ಲಿ ನನ್ನ ಪಕ್ಕದ ಮಂಚದವನು. ಮೋರ್ಸ್ ಕಲಿಯಲು ನಾವೆಲ್ಲ ತಿಣುಕುತ್ತಿದ್ದಾಗ ಅವನು ಮಾತ್ರ ನೀರು ಕುಡಿದ ಹಾಗೆ ಕಲಿತುಬಿಟ್ಟ. "ನಮ್ಮವ್ವ ರೊಟ್ಟಿ ಬಡಿಯೂದು ಕೇಳಿ ಬೆಳದಾಂವ ನಾ," ಎನ್ನುತ್ತಿದ್ದ. "ಬೆರಳು ತಾಗಿದ್ರ ಸಣ್ಣದು, ಅಂಗೈ ಊರಿದ್ರ ಉದ್ದಂದು. ಇಷ್ಟ ಐತಿ ನೋಡು ಇದರಾಗ." ವಿಚಾರಣೆಯಲ್ಲಿ ಅವನು ತಾನು ಎಚ್ಚರವಿದ್ದೆ ಎಂದ. ದಡದ ಪುಸ್ತಕದಲ್ಲಿ ಎರಡು ಸಲ ಕಳಿಸಿದ್ದು ದಾಖಲಾಗಿದೆ, ನೀನು ಮಲಗಿರಲಿಲ್ಲ ಎನ್ನಲು ಖಾತ್ರಿಯೇನು ಎಂದು ಕೇಳಿದಾಗ, ಹೇಳಲಾರೆ ಎಂದನಂತೆ. ಅವನನ್ನು ವೈರ್‌ಲೆಸ್‌ನಿಂದ ತೆಗೆದು ಉಗ್ರಾಣಕ್ಕೆ ಹಾಕಿದರು.

ಆಮೇಲೆ ಹೊಟ್ಟೆಪಾಡು ಇಬ್ಬರನ್ನೂ ಹೈದರಾಬಾದಿಗೆ ತಂದಿತು. ಒಳ್ಳೆಯ ನಡತೆಯ ಕಾಗದ ತೋರಿಸಿ ನಾನು ಸರ್ಕಾರಿ ನೌಕರಿ ಹಿಡಿದು ಕಾಚಿಗೂಡದಲ್ಲಿ ನೆಲೆಯೂರಿದೆ. ಅವನು ಅಬಿಡ್ಸ್‌ನ ಒಂದು ಪುಸ್ತಕದಂಗಡಿಯಲ್ಲಿ ಗುಮಾಸ್ತನಾಗಿ ದುಡಿದು, ವಯಸ್ಸಾದ ಮೇಲೆ ಲಿಂಗಂಪಲ್ಲಿಯಲ್ಲಿ ಎರಡು ಕೋಣೆಯ ಫ್ಲಾಟು ಮಾಡಿಕೊಂಡ. ಎಷ್ಟೋ ಭಾನುವಾರ ಅವನ ಮನೆಯಲ್ಲಿ ಉಂಡಿದ್ದೇನೆ. ಯುದ್ಧದ ಮಾತು ಬಂದರೆ ಅವನು ತಾಟಿನ ಅಂಚನ್ನು ಬೆರಳಿನಿಂದ ಕುಟ್ಟುತ್ತಿದ್ದ. ನಾನು ಉಪ್ಪಿನಕಾಯಿ ಕೇಳುತ್ತಿದ್ದೆ. ಅಂದಿನ ಪಾಳಿ ನನ್ನದು ಎಂಬುದು ಅವನಿಗೆ ಗೊತ್ತಿಲ್ಲ ಎಂದೇ ನಾನು ತಿಳಿದಿದ್ದೆ.

ಎಂಟು ವರ್ಷದ ಹಿಂದೆ ಶರಣಪ್ಪ ತೀರಿಕೊಂಡ. ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಲೋಕಲ್ ರೈಲು ಹತ್ತಿ ಅವನ ಮನೆಗೆ ಹೋದೆ. ಅವನ ಹೆಂಡತಿ ಮಹಾದೇವಿಯವರನ್ನು ನಾನು ವೈನಿ, ಎಂದರೆ ಅತ್ತಿಗೆ, ಎಂದೇ ಕರೆಯುವುದು. ಚಹಾ ಕೊಟ್ಟು ಎದುರಿಗೆ ಕುಳಿತರು.

"ಅಣ್ಣಾರ, ಒಂದ್ ಮಾತು ಕೇಳ್ತೀನಿ, ಖರೇ ಹೇಳ್ರಿ," ಎಂದರು. "ಸಾಯೂ ಹಿಂದಿನ ದಿನಾನೂ 'ನಾ ಮಲಗಿದ್ನೇನು, ನಾ ಮಲಗಿದ್ನೇನು' ಅಂತಿದ್ರು. ನೀವೂ ಅದ ಕೆಲಸ ಮಾಡಿದವ್ರು. ಅವ್ರು ಮಲಗಿದ್ರೇನ್ರಿ?"

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಯಾವುದಿತ್ತು? ನಾನು ಹೇಳಿದ್ದು ಇಷ್ಟು: "ಯುದ್ಧದಾಗ ಎಲ್ಲಾರಿಗೂ ದಣಿವು ಇರ್ತೈತಿ, ವೈನಿ."

ಅವರು ತಲೆಯಾಡಿಸಿ, "ಉಂಡ ಹೋಗ್ರಿ," ಎಂದು ಅಡುಗೆಮನೆಗೆ ಹೋದರು. ನಾಚಿಕೆಯಿಂದ ಗೋಡೆಯ ಮೇಲಿನ ಶರಣಪ್ಪನ ಫೋಟೋ ನೋಡಲಾಗದೆ ನೆಲ ನೋಡುತ್ತ ಕುಳಿತೆ.

ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ದಿನಾ ಕೇಳುವ ಸಪ್ಪಳ, ಗಮನ ಕೊಡಲಿಲ್ಲ. ಆಮೇಲೆ ಕಿವಿ ತಾನಾಗಿಯೇ ಎಣಿಸತೊಡಗಿತು. ಎರಡು ಸಣ್ಣ, ಎರಡು ಉದ್ದ, ಎರಡು ಸಣ್ಣ. ಮೋರ್ಸ್‌ನಲ್ಲಿ ಅದಕ್ಕೆ 'ಮತ್ತೊಮ್ಮೆ ಹೇಳು' ಎಂದು ಅರ್ಥ. ಕಾಕತಾಳೀಯ ಎಂದುಕೊಂಡೆ. ನಾಲ್ಕು ಸಣ್ಣ, ಒಂದು ಉದ್ದ. ಅದು ನಾಲ್ಕು. ಎರಡು ಉದ್ದ, ಮೂರು ಸಣ್ಣ. ಅದು ಏಳು.

ಪ್ರತಿಯೊಬ್ಬ ಆಪರೇಟರಿನ ಬಡಿತಕ್ಕೂ ಒಂದು ಗುರುತಿರುತ್ತದೆ, ಕೈಬರಹಕ್ಕೆ ಇರುವ ಹಾಗೆ. ನಾವು ಅದನ್ನು 'ಕೈ' ಎನ್ನುತ್ತಿದ್ದೆವು. ಬೀಗ ಹಾಕಿ ಮತ್ತೊಮ್ಮೆ ಜಗ್ಗಿ ನೋಡುವವರ ಹಾಗೆ ಶರಣಪ್ಪ ಕೊನೆಯ ಸಣ್ಣದನ್ನು ಒಂದಿಷ್ಟು ತಡೆದು ಹಾಕುತ್ತಿದ್ದ. ಇಲ್ಲಿಯೂ ಹಾಗೆಯೇ ಬಂತು.

ಆ ಸಂದೇಶದ ಅಕ್ಷರಗಳು ನನಗೆ ಇಂದಿಗೂ ಬಾಯಿಪಾಠ. ಕುರ್ಚಿಯ ಕೈಯ ಮೇಲೆ ಬೆರಳಿನಿಂದ ಅಷ್ಟನ್ನೂ ಬಡಿದೆ. ನಿಜ ಹೇಳಬೇಕೆಂದರೆ ಅದೂ ಹೇಡಿತನವೇ. ಹೇಳಿದಂತೆಯೂ ಆಯಿತು, ಯಾರಿಗೂ ತಿಳಿಯದಂತೆಯೂ ಆಯಿತು. ನಾನು ಬಡಿಯುವಷ್ಟು ಹೊತ್ತು ಒಳಗಿನ ಸಪ್ಪಳ ನಿಂತಿತ್ತು. ಮುಗಿಸಿದ ಕೂಡಲೇ ಮತ್ತೆ ಶುರುವಾಯಿತು. ಎರಡು ಸಣ್ಣ, ಎರಡು ಉದ್ದ, ಎರಡು ಸಣ್ಣ. ಮತ್ತೊಮ್ಮೆ ಹೇಳು.

ಎದ್ದು ಅಡುಗೆಮನೆಯ ಬಾಗಿಲಿಗೆ ಹೋದೆ. ವೈನಿ ಲಟ್ಟಣಿಗೆ ಹಿಡಿದು ರೊಟ್ಟಿ ಲಟ್ಟಿಸುತ್ತಿದ್ದರು.

"ಈಗ ಬಡಿಯಾಕತ್ತಿದ್ರಲ್ಲ, ವೈನಿ?"

"ಬಡಿಯೂದು ಎಲ್ಲೈತ್ರಿ ಅಣ್ಣಾರ? ಅವ್ರು ಹಾಸಿಗಿ ಹಿಡದಾಗಿಂದ ಬಿಟ್ಟೀನಿ. ಸಪ್ಪಳಾದ್ರ ಸಾಕು, ಎದ್ದ ಕುಂದರ್ತಿದ್ರು. 'ಏನೋ ಬರಾಕತ್ತೈತಿ, ಪೆನ್ನು ಕೊಡು' ಅಂತಿದ್ರು."

ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅಲ್ಲಿಯೇ ಎಲ್ಲವನ್ನೂ ಹೇಳಿದೆ. ಮಲಗಿದ್ದವನು ನಾನು, ಬರೆದದ್ದು ಸುಳ್ಳು, ಅವನು ಎಚ್ಚರವಿದ್ದ. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದಿತು. ಅವರು ಗ್ಯಾಸು ಆರಿಸಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅವತ್ತು ಕಳಿಸಾಕ ಕುಂತಾವ್ರು ನೀವ ಅಂತ ಅವ್ರಿಗೆ ಗೊತ್ತಿತ್ರಿ," ಎಂದರು. "'ನಲವತ್ತಾರರ ತನಕ ಕೇಳಿದ್ದು ನಮ್ಮ ದೋಸ್ತನ ಕೈ. ಅಂವ ಎರಡನೇ ಸಲ ಕಳಿಸದ ಬಿಡಾಂವಲ್ಲ. ಅಂದಮ್ಯಾಲ ನಾನ ಮಲಗಿರಬೇಕು' ಅಂತಿದ್ರು. ನಿಮ್ಮನ್ನ ಕೇಳ್ರಿ ಅಂದ್ರ, 'ಬ್ಯಾಡ, ಅಂವಗ ಭಾಳ ಬ್ಯಾಸರಾಗ್ತೈತಿ' ಅಂದ್ರು."

ಕರಕಾದದ್ದನ್ನು ತೆಗೆದಿಟ್ಟು ಬೇರೆ ರೊಟ್ಟಿ ಮಾಡಿ ಬಡಿಸಿದರು. ಮುಖ ಮಾತ್ರ ನೋಡಲಿಲ್ಲ. ಬೇಡ ಎನ್ನುವ ಧೈರ್ಯವಿಲ್ಲದೆ ಉಂಡೆ.

ಮೇಲಿನ ಮನೆಯ ತೆಲುಗಿನವರೂ ಜೋಳದ ರೊಟ್ಟಿ ಬಡಿಯುತ್ತಾರೆ. ಸಪ್ಪಳ ಅವರದೇ ಇರಬಹುದು. ಆದರೆ ಅವರ ಕೈಗೆ ನಲವತ್ತೇಳು ಹೇಗೆ ಗೊತ್ತು? ತಪ್ಪು ಮಾಡಿದ ಮನಸ್ಸು ತನಗೆ ಬೇಕಾದ್ದನ್ನು ಕೇಳಿಸಿಕೊಂಡಿತು ಎನ್ನೋಣವೆಂದರೆ, ನಾನು ಬಡಿಯುವಾಗ ಅದು ನಿಂತು, ಮುಗಿದ ಮೇಲೆ ಮತ್ತೆ ಕೇಳಿದ್ದೇಕೆ? ಎಂಟು ವರ್ಷ ಯೋಚಿಸಿದ್ದೇನೆ, ನನಗೆ ಬಗೆಹರಿದಿಲ್ಲ. ಈಗ ಯಾರಾದರೂ ಇಂಥ ಮಾತು ತೆಗೆದರೆ ನಗುವುದನ್ನು ಬಿಟ್ಟಿದ್ದೇನೆ.

ಸಂದೇಶ ಮುಟ್ಟಿತು ಎನ್ನಲು ನಮ್ಮಲ್ಲಿ ಒಂದೇ ಅಕ್ಷರ ಸಾಕು. ಸಣ್ಣ, ಉದ್ದ, ಸಣ್ಣ. ಅಂದು ಕೈ ತೊಳೆದ ಮೇಲೆ ಅದೇ ಕುರ್ಚಿಯಲ್ಲಿ ಅರ್ಧ ಗಂಟೆ ಕಿವಿಗೊಟ್ಟು ಕುಳಿತಿದ್ದೆ. ಏನೂ ಕೇಳಿಸಲಿಲ್ಲ. ಇದನ್ನಾದರೂ ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ.