ಅತ್ತೆಯ ಮಂಡಿನೋವು ಮತ್ತು ಹೊನಗೊನ್ನೆ ಸೊಪ್ಪು

ಬೆಳಿಗ್ಗೆ ಸೊಪ್ಪಿನವಳು ಬುಟ್ಟಿ ಇಳಿಸಿದಳು. ಹೊನಗೊನ್ನೆ! ಆ ಹಸಿ ವಾಸನೆ ಮೂಗಿಗೆ ಬಡಿದಿದ್ದೇ ತಡ, ನಾಲ್ಕು ಕಟ್ಟು ಕೊಂಡುಬಿಟ್ಟೆ. ಮಗ ಪೇಪರಿನಿಂದ ತಲೆಯೆತ್ತಿ, "ಏನವ್ವಾ, ನೀನೂ ಸೊಪ್ಪಜ್ಜಿ ಆಗ್ಬುಟ್ಯಾ?" ಎಂದು ನಕ್ಕ. ಸೊಪ್ಪಜ್ಜಿ ಎಂದರೆ ನನ್ನ ಅತ್ತೆ. ಅವರು ಹೋಗಿ ಎಷ್ಟೋ ವರ್ಷವಾಯಿತು, ಆ ಅಡ್ಡಹೆಸರು ಮಾತ್ರ ಹೋಗಿಲ್ಲ. ಯಾವಾಗಲೂ ನಾನೂ ಜೊತೆಗೆ ನಗುತ್ತಿದ್ದೆ. ಇವತ್ತೇಕೋ ನಗು ಬರಲಿಲ್ಲ.

ನಾನು ಮಳವಳ್ಳಿ ಕಡೆಯ ಹೊಲದ ಸೀಮೆಯವಳು. ಮುದ್ದೆ, ಸೊಪ್ಪು, ಹುರುಳಿ ತಿಂದು ಬೆಳೆದ ಜೀವ. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಕೊಪ್ಪದ ಗದ್ದೆಯವರ ಮನೆಗೆ ಕೊಟ್ಟರು. "ಮೂರೊತ್ತೂ ಅನ್ನ ಉಣ್ಣೋ ಮನೆ ಸೇರ್ಕೊತಾವ್ಳೆ" ಎಂದು ನಮ್ಮವ್ವ ಊರೆಲ್ಲ ಸಾರಿದ್ದಳು. ನಾಲೆ ನೀರು ಬಂದ ಮೇಲೆ ನಮ್ಮ ಮಾವ ರಾಗಿಗೆ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಮಿಲ್ಲಿನ ಬೆಳ್ಳನೆಯ ಅನ್ನ, ತಿಳಿಸಾರು, ಅಷ್ಟೇ. ಸೊಪ್ಪೆಂದರೆ ಕೂಲಿಯವರದು. ನನಗೂ ಜಂಬವೇ, ಸುಳ್ಳೇಕೆ ಹೇಳಲಿ.

ಬಸುರಿಯಾಗಿ ಐದು ತಿಂಗಳಿಗೆ ಕಣ್ಣು ಕೈಕೊಟ್ಟಿತು. ಹಗಲೆಲ್ಲ ಸರಿ; ಹೊತ್ತು ಮುಳುಗಿದರೆ ಕಂಬ, ಗೋಡೆ, ಮನುಷ್ಯರು ಎಲ್ಲ ಒಂದೇ ಮಸಿ. ಸೀಮೆಎಣ್ಣೆ ಸಿಗದ ಕಾಲ, ದೀಪ ಸಣ್ಣದೆಂದು ನೆಪ ಹೇಳಬಹುದು, ಆದರೆ ಎಷ್ಟು ದಿನ? ಮೇಲಿನ ಬೀದಿಯ ಸೊಸೆಯೊಬ್ಬಳನ್ನು ಮೂರ್ಛೆ ಬರುತ್ತದೆಂದು ತವರಿಗೆ ಬಿಟ್ಟುಬಂದವರು ಮತ್ತೆ ಕರೆಯಲು ಹೋಗಲೇ ಇಲ್ಲ. ಏಳನೇ ತಿಂಗಳಿಗೆ ನನ್ನ ತವರಿನ ಗಾಡಿಯೂ ಬರುವುದಿತ್ತು. ಕುರುಡಿಯಾಗಿ ಹೋದರೆ ನನ್ನನ್ನು ಯಾರು ಕರೆಯುತ್ತಾರೆ, ನೀವೇ ಹೇಳಿ. ಒಲೆಯಿಂದ ಪಡಸಾಲೆಗೆ ಹನ್ನೊಂದು ಹೆಜ್ಜೆ, ಹಂಡೆಗೆ ಎಂಟು. ಎಣಿಸಿಕೊಂಡೇ ಸಂಸಾರ ಮಾಡಿದೆ.

ಒಂದು ಶುಕ್ರವಾರ ಸಂಜೆ ದೀಪ ಹಚ್ಚಿ, ಅತ್ತೆ ಕೂರುವ ಮೂಲೆಗೆ ಹೋಗಿ ಅಡ್ಡಬಿದ್ದೆ. ಹಿಂದಿನಿಂದ ಅವರ ದನಿ ಬಂತು.

"ಅದ್ಯಾಕಮ್ಮಿ, ಭತ್ತದ ಮೂಟೆಗೆ ಅಡ್ಡ ಬೀಳ್ತಿದ್ದೀಯ?"

ತಟ್ಟನೆ ಎದ್ದುನಿಂತೆ. ಅತ್ತೆ ಎದುರಿಗೆ ಬಂದು ನಿಂತರು. "ಎಷ್ಟು ಬೆರಳು, ಯೋಳು."

"ಮೂರು" ಎಂದೆ, ಅಂದಾಜಿಗೆ.

"ಯಾರ್ಗೂ ಉಸುರ್ಬ್ಯಾಡ, ನಿನ್ನ ಗಂಡಂಗೂವೆ" ಎಂದವರೇ ಒಳಗೆ ಹೋದರು. ಮಾವನಿಗೆ ಹೇಳಲು ಹೋದರೋ ಏನೋ ಎಂದು ಗೋಡೆ ಹಿಡಿದು ನಿಂತೇ ಇದ್ದೆ.

ಮಾರನೆಯ ದಿನ ಗದ್ದೆ ಬದುವಿನಿಂದ ಮಡಿಲು ತುಂಬ ಹೊನಗೊನ್ನೆ ತಂದರು. ಮಾವ ಕೆಂಡವಾದರು. "ನಾಲೆ ಬಯಲಿನ ಮನೇಲಿ ಕಳೆ ಬೇಯ್ಸೀಯಾ? ಕಂಡೋರು ಉಗಿಯಾಕಿಲ್ವಾ?"

"ನಂಗೆ ಮಂಡಿನೋವು. ಪಂಡಿತ್ರು ತಿನ್ನು ಅಂದವ್ರೆ. ಬ್ಯಾಡದಿದ್ರೆ ನೀವು ಬುಡಿ."

ಅಂದಿನಿಂದ ಅತ್ತೆಗೆ ಕುಂಟು ಬಂತು. ಮಾವ ಗದ್ದೆಗೆ ಹೋದರೆ ಕುಂಟು ಮಾಯ! ದಿನಾ ಬೇಳೆ ಹಾಕಿ ಸೊಪ್ಪು ಬೇಯಿಸಿ, "ಬೆಣ್ಣೆ ಇಲ್ದೆ ಸೊಪ್ಪು ಮೈಗೆ ಅತ್ತಾಕಿಲ್ಲ ಕಣಮ್ಮಿ" ಎಂದು ಒಂದು ಉಂಡೆ ಬೆಣ್ಣೆ ಹಾಕಿ, ಮುಕ್ಕಾಲು ಪಾಲು ನನಗೇ ಉಣಿಸುತ್ತಿದ್ದರು. ಊಟದ ಹೊತ್ತಿಗೆ ಮಾವ ಅವರನ್ನು ಹಂಗಿಸುವರು, ಮೈದುನರು "ಸೊಪ್ಪಮ್ಮ ಬಂದ್ಲು" ಎಂದು ನಗುವರು. ಅತ್ತೆ ಮಂಡಿ ನೀವಿಕೊಂಡು ಬಡಿಸುತ್ತಿದ್ದರು. ಸಂಜೆಯಾದರೆ ಹಿತ್ತಲಿಗೆ ಕರೆದು ಬೆರಳೆತ್ತುವರು. ನಾನು ಎರಡು, ನಾಲ್ಕು ಎಂದು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಅವರು ಸರಿಯೆಂದೂ ತಪ್ಪೆಂದೂ ಹೇಳದೆ ಒಳಗೆ ಹೋಗುತ್ತಿದ್ದರು. ನನಗೆ ಅಳು ಬರುತ್ತಿತ್ತು.

ಗಾಡಿ ಬರುವ ಹಿಂದಿನ ದಿನ ಹೊತ್ತು ಮುಳುಗಿತು. "ಎಷ್ಟು?" ಎಂದರು.

ನೋಡಿದೆ. ಮಬ್ಬಿನಲ್ಲಿ ಒಂದು ಕೈ ಕಂಡಿತು. "ಒಂದೂ ಇಲ್ಲ ಅತ್ತೆಮ್ಮ. ಮುಷ್ಟಿ ಹಿಡ್ದಿದ್ದೀರಿ."

"ಹೂಂ, ನೀನು ಕಂಡೆ" ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಅದೂ ನನಗೆ ಕಂಡಿತು.

ಹೆರಿಗೆಯಾದ ಮೇಲೆ ಕರೆಯಲು ಅವರೇ ಗಾಡಿ ಕಟ್ಟಿಸಿಕೊಂಡು ಬಂದರು. ಈಗಿನ ಡಾಕ್ಟರು ಆ ಸೊಪ್ಪಿನಲ್ಲಿ ಕಣ್ಣಿಗೆ ಒಳ್ಳೆಯದು ಏನೇನಿದೆ ಎಂದು ಉದ್ದಕ್ಕೆ ಹೇಳುತ್ತಾರೆ, ನಾನು ತಲೆಯಾಡಿಸುತ್ತೇನೆ. ಯಾರಿಗೂ ಉಸುರಬೇಡ ಎಂದಿದ್ದರು, ನಾನು ಉಸುರಲಿಲ್ಲ. ಸೊಪ್ಪಮ್ಮ ಸೊಪ್ಪಜ್ಜಿಯಾದರು, ಸಾಯುವವರೆಗೂ ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. ಎಂಥ ನಾಚಿಕೆಗೇಡು!

ಮಧ್ಯಾಹ್ನ ಸೊಪ್ಪಿನ ಸಾರು ಬಡಿಸುವಾಗ ಮಗ ಮತ್ತೆ ಸೊಪ್ಪಜ್ಜಿ ಎಂದ.

"ನಗಬ್ಯಾಡ ಕಣ್ಲಾ" ಎಂದೆ. "ನಿಮ್ಮಜ್ಜಿಗೆ ಮಂಡಿನೋವೇ ಇರ್ಲಿಲ್ಲ. ಕಣ್ಣು ಓಗಿದ್ದು ನಂದು. ಆಗ ನೀನು ನನ್ನ ಒಟ್ಟೇಲಿದ್ದೆ."