ಉಣ್ಣೆಯೂ ಅಲ್ಲ, ಹತ್ತಿಯೂ ಅಲ್ಲ

೨೦೦೪ನೇ ಇಸವಿ, ಕಾರ್ತಿಕ ಮಾಸದ ಮೊದಲ ಶನಿವಾರ, ಬೆಳಗ್ಗೆ ಆರು ಗಂಟೆ. ಸ್ಥಳ, ಭದ್ರಾವತಿ ನ್ಯೂ ಟೌನಿನಲ್ಲಿರುವ ನಮ್ಮ ಚಿಕ್ಕ ನರಸಿಂಹ ದೇವಸ್ಥಾನ. ಹಾಜರಿದ್ದವರು ಅರ್ಚಕರು, ನಮ್ಮ ಭಜನಾ ಮಂಡಳಿಯ ಹೆಂಗಸರು, ಕಂಬಕ್ಕೆ ಒರಗಿ ಕೂತಿದ್ದ ನಮ್ಮ ಯಜಮಾನರು ಮತ್ತು ನಾನು. ಸ್ವಾಮಿಯ ನಾಮಾವಳಿ ಹೇಳಿಕೊಡುವುದು ನನ್ನ ಕೆಲಸ. ನಾನು ಒಂದು ನಾಮ ಹೇಳಬೇಕು, ಉಳಿದವರು ಅದನ್ನೇ ತಿರುಗಿ ಹೇಳಬೇಕು. ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿ ನಿವೃತ್ತಳಾದ ನನಗೆ ಹೇಳಿಕೊಡುವುದು ಹೊಸದಲ್ಲ. ಅಂದು ‘ನಾರಾಯಣಾಯ’ ಎಂಬುದು ಸರಿಯಾಗಿಯೇ ಬಂತು. ‘ನಮಃ’ ಎನ್ನಲು ತುಟಿ ಕೂಡಲಿಲ್ಲ. ಎಡಗಡೆಯಿಂದ ಗಾಳಿ ಸೋರಿ ‘ನಹಃ’ ಎಂದಾಯಿತು. ಮಂಡಳಿಯವರು ಒಬ್ಬರೂ ಬಿಡದೆ ‘ನಹಃ’ ಎಂದರು.

ಎರಡನೇ ನಾಮಕ್ಕೂ ಅದೇ ಗತಿ. ಯಜಮಾನರು ಕೂತಲ್ಲಿಂದಲೇ, “ಏನ್ ಮಾರಾಯ್ತಿ, ಬಾಯಲ್ಲಿ ಅಡಿಕೆ ಇಟ್ಕೊಂಡು ದೇವರ ನಾಮ ಹೇಳ್ತಾರಾ?” ಎಂದರು. ಪಕ್ಕದ ಮನೆಯ ಸರೋಜಮ್ಮ ನನ್ನ ಕಡೆ ತಿರುಗಿದವರು ಕೈಯಲ್ಲಿದ್ದ ತಾಳ ಕೆಳಗಿಟ್ಟರು. “ಅಯ್ಯೋ ಟೀಚರ್, ನಿಮ್ಮ ಮುಖ ಒಂದ್ ಕಡೆ ಜಾರಿಬಿಟ್ಟಿದೆ!”

ಎಡಗಣ್ಣು ಮುಚ್ಚುತ್ತಿರಲಿಲ್ಲ. ತೀರ್ಥ ತೆಗೆದುಕೊಂಡರೆ ಅದು ಬಾಯಿಯ ಮೂಲೆಯಿಂದ ಸೆರಗಿಗೆ ಇಳಿಯಿತು. ಅದಕ್ಕೆ ಕೆಲವು ದಿನ ಮೊದಲೇ ಬಲಮೊಣಕಾಲು ತೆಂಗಿನಕಾಯಿಯಂತೆ ಊದಿಕೊಂಡು, ನೆಲದ ಮೇಲೆ ಕೂರುವುದು ನಿಂತಿತ್ತು. ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಿದ್ದೆ. ಇನ್ನು ನಾಮ ಹೇಳಲು ಬಾಯಿಯೂ ಇಲ್ಲ, ದೇವರ ಮುಂದೆ ಕೂರಲು ಕಾಲೂ ಇಲ್ಲ ಎಂದಾದ ಮೇಲೆ ನಾನು ಯಾವ ಕೆಲಸಕ್ಕೆ?

ಕಾಯಿಲೆಗಿಂತ ಸಲಹೆಗಳೇ ಹೆಚ್ಚು ದಣಿಸಿದವು. ಒಬ್ಬರು ದೃಷ್ಟಿ ತೆಗೆಸಿ ಎಂದರು. ಇನ್ನೊಬ್ಬರು, ಬಸ್ಸಿನ ಕಿಟಕಿ ಪಕ್ಕ ಕೂತು ಗಾಳಿ ಹೊಡೆದಿದೆ ಎಂದರು. ಸರೋಜಮ್ಮ ಮಾತ್ರ ಪಾರಿವಾಳದ ರಕ್ತವನ್ನೇ ಹಿಡಿದುಕೊಂಡರು. “ಬಿಸಿಬಿಸಿ ಇರೋವಾಗ್ಲೇ ಹಚ್ಬೇಕು ಟೀಚರ್. ನಮ್ಮ ಮಾವನೋರಿಗೆ ಬಾಯಿ ನೆಟ್ಟಗಾಯ್ತು.”

“ನೆಟ್ಟಗಾದ ಮೇಲೆ ಎಷ್ಟು ದಿನ ಇದ್ರು?” ಎಂದು ಯಜಮಾನರು ಕೇಳಿದರು. ಸರೋಜಮ್ಮ ಎದ್ದು ಹೋದರು.

ಭದ್ರಾವತಿಯಲ್ಲೇ ಒಬ್ಬ ಡಾಕ್ಟರ ಹತ್ತಿರ ಹೋದೆವು. ಒಳ್ಳೆಯ ಹುಡುಗ. ದೂರದ ದೊಡ್ಡ ಊರಲ್ಲಿ ಬೆಳೆದವರಾದರೂ ಕನ್ನಡ ಚೆನ್ನಾಗಿಯೇ ಮಾತಾಡುತ್ತಿದ್ದರು. ಯಜಮಾನರು ಹೊರಗೆ ಯಾರೋ ಹಳೇ ಕಾರ್ಖಾನೆಯ ಸ್ನೇಹಿತರು ಸಿಕ್ಕರೆಂದು ನಿಂತುಬಿಟ್ಟರು. ನಾನೊಬ್ಬಳೇ ಒಳಗೆ ಕೂತು, ನೆನಪಿದ್ದಷ್ಟನ್ನೂ ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಹೇಳಿದೆ. ನನ್ನ ಬಾಯಿಯಿಂದ ಅವರಿಗೆ ಎಷ್ಟು ತಲುಪಿತೋ ದೇವರೇ ಬಲ್ಲ. ಮುಖದ ನರ ಸೋತಿದೆ, ತಾನಾಗಿಯೇ ಸರಿಹೋಗಬಹುದು ಎಂದರು. ಮೊಣಕಾಲಿಗೆ ನೋವಿನ ಮಾತ್ರೆ ಕೊಟ್ಟರು. ಆಮೇಲೆ ಯಜಮಾನರನ್ನು ಕರೆದು ಏನೋ ಎಚ್ಚರಿಕೆ ಹೇಳಿ ಕಳಿಸಿದರು.

ಆ ಎಚ್ಚರಿಕೆ ಏನೆಂದು ಮನೆಗೆ ಬಂದ ಮೇಲೆ ತಿಳಿಯಿತು. ಯಜಮಾನರು ಬೀರು ತೆಗೆದು ನನ್ನ ಸ್ವೆಟರು, ಶಾಲು, ಹತ್ತಿ ಸೀರೆ ಎಲ್ಲವನ್ನೂ ಟ್ರಂಕಿಗೆ ತುಂಬತೊಡಗಿದರು. “ನಿನಗೆ ಉಣ್ಣೆ, ಹತ್ತಿ ಎರಡೂ ಆಗಿಬರಲ್ವಂತೆ. ಅಲರ್ಜಿಯಂತೆ. ಪಾಲಿಸ್ಟರ್ ಉಟ್ಕೋ.”

“ಹುಟ್ಟಿದಾಗಿಂದ ಹತ್ತಿ ಬಟ್ಟೇನೇ ಉಟ್ಟಿದೀನಲ್ರೀ!”

“ಅದನ್ನ ನನ್ನ ಕೇಳ್ಬೇಡ, ಓದಿದೋರನ್ನ ಕೇಳು.”

ಹೀಗೆ ಪಾಲಿಸ್ಟರ್ ಸೀರೆಯಲ್ಲಿ ಬೆವರುತ್ತ, ಕುಂಟುತ್ತ, ಅರ್ಧ ಮುಖ ಇಟ್ಟುಕೊಂಡು ದಿನ ಕಳೆದೆ. ಬಾಯಿ ಸರಿಹೋಗಲಿಲ್ಲ, ಮೊಣಕಾಲು ಇನ್ನಷ್ಟು ಊದಿತು. ಶನಿವಾರದ ನಾಮಾವಳಿಯನ್ನು ಸರೋಜಮ್ಮ ವಹಿಸಿಕೊಂಡು, ಎರಡು ಸಾಲಿಗೊಂದು ನಾಮ ನುಂಗುತ್ತಿದ್ದರು. ನಾನು ಹಿಂದೆ ಕುರ್ಚಿಯ ಮೇಲೆ ಕೂತು ಕೇಳಬೇಕಾಗಿತ್ತು.

ಒಂದು ಮಧ್ಯಾಹ್ನ ಗುಡಿಯಲ್ಲಿ ಯಾರೂ ಇಲ್ಲದಾಗ ಸ್ವಾಮಿಯನ್ನು ನೇರವಾಗಿ ಕೇಳಿಯೇಬಿಟ್ಟೆ. ಮುಚ್ಚುಮರೆಯೇಕೆ, ಅದು ಪ್ರಾರ್ಥನೆಗಿಂತ ಜಗಳದ ಹಾಗಿತ್ತು. ‘ಯಾವುದಕ್ಕೂ ಒಂದು ಕ್ರಮ ಬೇಡವೇ ಸ್ವಾಮಿ? ಮುಖ ಒಂದು ಕಡೆ, ಕಾಲು ಇನ್ನೊಂದು ಕಡೆ, ಸೀರೆ ಮತ್ತೊಂದು ಕಡೆ! ವಾಸಿ ಮಾಡು ಎಂದು ಆಮೇಲೆ ಕೇಳುತ್ತೇನೆ. ಮೊದಲು ಇದು ಏನೆಂದು ಹೆಸರು ತಿಳಿಸು. ಹೆಸರಿಲ್ಲದ ಕಾಯಿಲೆಗೆ ನಾನು ಹೇಗೆ ಎದುರು ನಿಲ್ಲಲಿ?’ ಹೀಗೆ ಕೇಳಿ, ಕಾರ್ತಿಕದ ದೀಪೋತ್ಸವಕ್ಕೆ ಬೇಕಾದ ಬತ್ತಿಗಳನ್ನೆಲ್ಲ ನಾನೇ ಹೊಸೆದು ಕೊಡುವುದಾಗಿ ಹರಕೆ ಹೊತ್ತೆ. ಬಾಯಿ ನಡೆಯದಿದ್ದರೆ ಬೆರಳಾದರೂ ನಡೆಯಲಿ. ಒಂದೊಂದು ಬತ್ತಿಗೂ ಮನಸ್ಸಿನಲ್ಲೇ ಒಂದು ನಾಮ.

ಮನೆಯಲ್ಲಿ ರಾದ್ಧಾಂತವಾಯಿತು. “ಹತ್ತಿ ಮುಟ್ಟಬಾರದು ಅಂದ್ರೆ ಬುಟ್ಟಿಗಟ್ಟಲೆ ಹತ್ತಿ ಮುಂದೆ ಹಾಕ್ಕೊಂಡು ಕೂತಿದೀಯಲ್ಲ!” ದೇವರ ಬತ್ತಿಗೆ ಡಾಕ್ಟರ ಅಪ್ಪಣೆ ಬೇಕಾಗಿಲ್ಲ ಎಂದೆ. ಬಾಯಿ ಸೊಟ್ಟಗಿದ್ದರೂ ಅದು ಅವರಿಗೆ ಸ್ಪಷ್ಟವಾಗಿ ಕೇಳಿಸಿತು.

ಕೊನೆಗೆ ಶಿವಮೊಗ್ಗಕ್ಕೆ ಹೊರಟೆವು. ಬಸ್ಸು ತುಂಬಿತ್ತು. ಕಂಡಕ್ಟರು, “ಮುಂದೆ ಹೋಗಿ, ಮುಂದೆ ಹೋಗಿ, ಜಾಗ ಇದೆ” ಎನ್ನುತ್ತಲೇ ಇದ್ದ. ಆ ಜಾಗ ಎಲ್ಲಿದೆಯೆಂದು ಅವನೊಬ್ಬನಿಗೇ ಗೊತ್ತು. ಊದಿದ ಕಾಲಿನ ಮೇಲೆ ನಿಂತೇ ಹೋದೆ. ಬಸ್‌ಸ್ಟ್ಯಾಂಡಿನಿಂದ ಆಟೋ ಹಿಡಿದು, ರಾಗಿಗುಡ್ಡದ ಕಡೆ ಇದ್ದ ಒಬ್ಬ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಬಂದೆವು. ಅಲ್ಲಿ ಬೆಂಚು ಪೂರ್ತಿ ಜನ. ಸುಮ್ಮನೆ ಕೂರುವುದು ನನ್ನಿಂದಾಗದು. ಚೀಲದಿಂದ ಹತ್ತಿ ತೆಗೆದು ಬತ್ತಿ ಹೊಸೆಯುತ್ತ ಕೂತೆ. ಹೆಸರು ಕರೆದಾಗ ಮಡಿಲ ತುಂಬ ಹತ್ತಿ ಇತ್ತು. ಅದನ್ನು ಸೆರಗಲ್ಲಿ ಬಾಚಿಕೊಂಡು ಹಾಗೆಯೇ ಒಳಗೆ ಹೋದೆ.

“ಇದೇನಮ್ಮ, ಮಡ್ಲಕ್ಕಿ ಥರ ತುಂಬ್ಕೊಂಡು ಬಂದಿದೀರಿ?” ಎಂದು ಡಾಕ್ಟರಮ್ಮ ನಕ್ಕರು.

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ದೂರು ಶುರುಮಾಡಿದರು. “ನೀವಾದ್ರೂ ಹೇಳಿ ಡಾಕ್ಟ್ರೇ. ಇವಳಿಗೆ ಉಣ್ಣೆ, ಹತ್ತಿ ಎರಡೂ ಅಲರ್ಜಿ. ಅಲ್ಲಿನ ಡಾಕ್ಟ್ರು ಖಡಾಖಂಡಿತ ಬೇಡ ಅಂದಿದಾರೆ, ಬೀರು ಖಾಲಿ ಮಾಡಿದೀನಿ. ಹೇಳಿದ್ ಮಾತು ಕೇಳಿದ್ರೆ ತಾನೆ?”

“ಹತ್ತಿ ಅಲರ್ಜೀನಾ? ಇಷ್ಟೊತ್ತು ಹೊಸೆದ ಕೈ ಚೆನ್ನಾಗೇ ಇದೆಯಲ್ಲ. ಪರೀಕ್ಷೆ ಮಾಡಿ ಹೇಳಿದ್ರಾ?”

“ಇಲ್ಲ. ಇವಳೇ ಕಾಲು ತೋರಿಸಿ ಹೇಳಿದ್ಲಂತೆ, ಉಣ್ಣೆ, ಹತ್ತಿ ಅಂತ.”

ನನಗೆ ಆಗ ಹೊಳೆಯಿತು. ‘ಕೆಂಪು’, ‘ಬಾವು’, ‘ಮೊಣಕಾಲು’ ಎಲ್ಲ ತುಟಿ ಸೇರಿಸಿ ಆಡಬೇಕಾದ ಮಾತುಗಳು. ಅವೆಲ್ಲ ಸೋರಿಹೋಗಿದ್ದವು. ತುಟಿಯ ಹಂಗಿಲ್ಲದೆ ಚೊಕ್ಕವಾಗಿ ಹೊರಟದ್ದು ಎರಡೇ ಮಾತು.

“ಅಯ್ಯೋ ದೇವರೇ! ಬಟ್ಟೆಯ ಉಣ್ಣೆ ಅಲ್ಲ ಕಣ್ರೀ! ಹುಳ! ದನಕ್ಕೆ, ನಾಯಿಗೆ ಕಚ್ಕೊಳ್ಳುತ್ತಲ್ಲ, ಆ ಉಣ್ಣೆ! ಅದು ಕಾಲಿಗೆ ಹತ್ತಿ ಕೆಂಪಾಗಿತ್ತು ಅಂದೆ! ಹತ್ತಿ ಅಲ್ಲ, ಹತ್ತಿ!”

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಒಂದು ಗಳಿಗೆ ಬಿಟ್ಟು ನಗು ತಾನಾಗಿಯೇ ನಿಂತಿತು. ಕುರ್ಚಿ ಹತ್ತಿರ ಎಳೆದುಕೊಂಡರು. “ನಾನು ಸಾಗರದ ಕಡೆಯೋಳು. ನಮ್ಮಲ್ಲಿ ಉಣುಗು ಅಂತೀವಿ. ಯಾವಾಗ ಕಚ್ಚಿದ್ದು? ಎಲ್ಲಿ?”

ಗೌರಿಹಬ್ಬದ ಹಿಂದಿನ ದಿನ, ಕಾಗದನಗರದ ಆಚೆ ಪೊದೆಗಳ ನಡುವೆ ಪೂಜೆಗೆ ಪತ್ರೆ ಕೀಳಲು ಹೋಗಿದ್ದೆ. ಮಂಡಿಯ ಹಿಂದೆ ಎಳ್ಳುಕಾಳಿನಂತೆ ಒಂದು ಕೂತಿತ್ತು. ಯಜಮಾನರೇ ಕಿತ್ತು ಎಸೆದರು. ಒಂದು ವಾರದ ಮೇಲೆ ಅಲ್ಲಿ ಕೆಂಪಗೆ, ಬಳೆಯ ಹಾಗೆ ಒಂದು ಸುತ್ತು ಎದ್ದು ದಿನೇದಿನೇ ಅಗಲವಾಯಿತು. ಹುಳುಕಡ್ಡಿ ಎಂದುಕೊಂಡು ಮುಲಾಮು ಹಚ್ಚಿದೆ. ತಾನಾಗಿಯೇ ಹೋಯಿತು, ಸುಮ್ಮನಾದೆ. ಇದನ್ನೆಲ್ಲ ಹೇಳುವಾಗ ಯಜಮಾನರ ಮುಖ ಬಿಳಿಚಿಕೊಂಡಿತು. “ಮಂಗನ ಕಾಯಿಲೆನಾ ಡಾಕ್ಟ್ರೇ?”

“ಅದು ಹೀಗೆ ಬರಲ್ಲ, ಯಜಮಾನ್ರೇ. ಉಣುಗಿಂದ ಬರೋದು ಇನ್ನೊಂದಿದೆ, ಲೈಮ್ ಅಂತಾರೆ. ನಮ್ಮ ಕಡೆ ಅಪರೂಪ, ಅದಕ್ಕೇ ಯಾರಿಗೂ ತಲೆಗೆ ಹೊಳೆಯಲ್ಲ. ಕೆಂಪು ಬಳೆ, ಮುಖ, ಮೊಣಕಾಲು, ಮೂರೂ ಒಂದೇ ದಾರದಲ್ಲಿ ಬರ್ತಿವೆ. ಆದ್ರೂ ರಕ್ತ ಕಳಿಸಿ ನೋಡೋಣ.”

“ಲೈಮ್ ಅಂದ್ರೆ ನಿಂಬೆಹಣ್ಣಾ, ಸುಣ್ಣಾನಾ?” ಎಂದು ಯಜಮಾನರು ಕೇಳಿದರು.

“ಎರಡೂ ಅಲ್ಲ. ಯಾವುದೋ ದೇಶದ ಊರಿನ ಹೆಸರು. ಬೀರುವಿಂದ ಇನ್ನೇನೂ ತೆಗೀಬೇಡಿ.”

ಸ್ವಾಮಿಯ ಬಳಿ ನಾನು ಕೇಳಿದ್ದು ಹೆಸರು. ಹೆಸರು ಸಿಕ್ಕಿತು. ರಕ್ತದ ವರದಿಯೂ ಅದನ್ನೇ ಹೇಳಿತು. ಮಾತ್ರೆ ಒಂದೇ ಜಾತಿಯದು, ಒಂದು ತಿಂಗಳು. ಊಟದ ಮೇಲೆ ತುಂಬಿದ ಲೋಟ ನೀರಿನ ಜೊತೆ ನುಂಗಬೇಕು, ಜೊತೆಗೆ ಹಾಲು ಕೂಡದು, ನುಂಗಿದ ತಕ್ಷಣ ಮಲಗಕೂಡದು, ಬಿಸಿಲಲ್ಲಿ ತಿರುಗಕೂಡದು. ಇಂಥ ಕಟ್ಟುನಿಟ್ಟು ನನಗೆ ಹಬ್ಬ. ಆದರೆ ನೋಡಲು ಬಂದವರೆಲ್ಲ, “ಮಾತ್ರೆ ಉಷ್ಣ, ಹಾಲು ಕುಡೀರಿ” ಎಂದು ಚೊಂಬು ಹಿಡಿದೇ ಬರುತ್ತಿದ್ದರು. ಕಾಯಿಲೆಯ ಹೆಸರು ಕೇಳಿದ ಸರೋಜಮ್ಮ ನಮ್ಮ ಮನೆಯಲ್ಲಿದ್ದ ನಿಂಬೆ ಉಪ್ಪಿನಕಾಯಿಯ ಜಾಡಿಯನ್ನು ನನ್ನ ಒಳ್ಳೆಯದಕ್ಕೆಂದೇ ಎತ್ತಿಕೊಂಡು ಹೋದರು.

ಕಣ್ಣಿಗೆ ಹನಿ ಹಾಕಿ, ಮಲಗುವಾಗ ರೆಪ್ಪೆಗೆ ಪಟ್ಟಿ ಅಂಟಿಸಬೇಕಿತ್ತು. ದಿನಾ ಕನ್ನಡಿಯ ಮುಂದೆ ನಿಂತು ನನ್ನ ಮುಖಕ್ಕೆ ನಾನೇ ಡ್ರಿಲ್ ಮಾಡಿಸಿದೆ. ಹುಬ್ಬು ಮೇಲೆ, ಹುಬ್ಬು ಕೆಳಗೆ, ಕೆನ್ನೆ ಉಬ್ಬಿಸು, ವಿಶ್ರಾಮ್. ಬಲಗಡೆ ಚುರುಕಾಗಿ ಕೇಳುತ್ತಿತ್ತು. ಎಡಗಡೆ ಹಿಂದಿನ ಸಾಲಿನ ಮಕ್ಕಳ ಹಾಗೆ ನಿಂತೇ ಇರುತ್ತಿತ್ತು. ಒಂದು ಬೆಳಗ್ಗೆ ಬಾಯಿಯ ಎಡಮೂಲೆ ಸ್ವಲ್ಪ ನಡುಗಿತು. ಯಜಮಾನರನ್ನು ಕೂಗಿ ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡರು.

ಮಾತ್ರೆ ಮುಗಿದ ಮೇಲೂ ಸುಸ್ತು ಬಿಡಲಿಲ್ಲ. ಕಸ ಗುಡಿಸಿದರೆ ಕೂರಬೇಕು, ಕೂತರೆ ಮಲಗಬೇಕು. ಇನ್ನಷ್ಟು ಮಾತ್ರೆ ಕೊಡಿ ಎಂದರೆ ಡಾಕ್ಟರಮ್ಮ ಒಪ್ಪಲಿಲ್ಲ. “ಮಾತ್ರೆ ತನ್ನ ಕೆಲಸ ಮುಗಿಸಿದೆ ಟೀಚರ್. ಇನ್ನು ಮೈಗೆ ಟೈಮ್ ಕೊಡಿ. ಅದು ನಿಮ್ಮ ಸೀಟಿ ಕೇಳಲ್ಲ.” ಈ ಮಾತು ನನಗೆ ಹಿಡಿಸಲಿಲ್ಲ, ಆದರೆ ಅದೇ ನಿಜವಾಯಿತು.

ಹತ್ತಿ ಬೇಡ ಎಂದವರು ಡಾಕ್ಟರು, ಹತ್ತಿ ಹಿಡಿಸಿದವನು ನರಸಿಂಹ. ಆ ದಿನ ಮಡಿಲಲ್ಲಿ ಬತ್ತಿ ಇಲ್ಲದಿದ್ದರೆ ಯಜಮಾನರು ದೂರು ಹೇಳುತ್ತಿರಲಿಲ್ಲ, ನಾನು ಕೂಗುತ್ತಿರಲಿಲ್ಲ, ಉಣ್ಣೆಯ ಸುದ್ದಿಯೇ ಏಳುತ್ತಿರಲಿಲ್ಲ. ಇದನ್ನು ಆಕಸ್ಮಿಕ ಎನ್ನುವವರು ಎನ್ನಲಿ. ಬೈದು ಕೇಳಿದರೂ ಸ್ವಾಮಿ ಮುಖ ತಿರುಗಿಸುವುದಿಲ್ಲ ಎಂಬುದನ್ನು ನಾನು ಕಂಡುಕೊಂಡೆ. ಆ ನಂಬಿಕೆ ಈಗ ಮೊದಲಿಗಿಂತ ಗಟ್ಟಿ.

ಮಾಘ ಮಾಸದ ಒಂದು ಶನಿವಾರ ನನ್ನ ಸರದಿ ನನಗೆ ಮರಳಿತು. ನಾಮಾವಳಿ ಮೊದಲಿನಿಂದ ಕೊನೆಯವರೆಗೆ ಒಂದೂ ಸೋರದೆ ಬಂತು. ಮಂಗಳಾರತಿಯಾಗಿ ಎಲ್ಲರೂ ಹೊರಟ ಮೇಲೆ, ನೈವೇದ್ಯದ ಪಾತ್ರೆಗಳನ್ನು ಹಿತ್ತಲ ನಲ್ಲಿಗೆ ಒಯ್ದೆ. ಕುಕ್ಕರುಗಾಲಲ್ಲಿ ಕೂತು, ತಳಕ್ಕೆ ಹತ್ತಿದ್ದ ಪೊಂಗಲು ಉಜ್ಜಿ ತೊಳೆದೆ. ಯಜಮಾನರು ಹಿಂದೆಯೇ ಬಂದು ನಿಂತಿದ್ದರು.

“ಏಳೋಕೆ ಕೈ ಕೊಡ್ಲಾ?”

“ಬೇಡ.”

ಎದ್ದೆ. ಪಾತ್ರೆಗಳನ್ನು ಕಟ್ಟೆಯ ಮೇಲೆ ಸಾಲಾಗಿ ಬೋರಲು ಹಾಕಿದೆ.